ವಿಂಟೇಜ್ ಶಾಂಪೇನ್ ಬಾಟಲಿ ಮನೆಗೆ ಬಂದಿದೆ, ಈಗೇನು ಮಾಡಬೇಕು?

ವಿಂಟೇಜ್ ಶಾಂಪೇನ್, ಅಂದರೆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿ ಇಸವಿ ಹಾಕಿದ ಶಾಂಪೇನ್, ಮೊದಲು ವೈನ್, ಆಮೇಲೆ ಗುಳ್ಳೆ. ಇಷ್ಟು ನೆನಪಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಎಷ್ಟು ತಣ್ಣಗಿರಬೇಕು, ಎಂಥ ಗ್ಲಾಸ್ ಬೇಕು, ಎಷ್ಟು ಹೊತ್ತು ಕೂತು ಕುಡಿಯಬೇಕು, ಜೊತೆಗೆ ಏನು ತಿಂದರೆ ಚೆನ್ನ, ಎಲ್ಲವೂ.

ನಾನು ಇದನ್ನು ಕಲಿತದ್ದು ಒಂದು ಒಳ್ಳೆಯ ಬಾಟಲಿ ಕಳೆದುಕೊಂಡು. ನಮ್ಮ ಭಾವ ಪ್ಯಾರಿಸ್‌ನಿಂದ ಬರುವಾಗ ತಂದುಕೊಟ್ಟಿದ್ದರು. ಬಣ್ಣವಿಲ್ಲದ ಗಾಜು, ಒಳಗೆ ತಿಳಿ ಬಂಗಾರದಂಥ ವೈನ್. ನೋಡೋಕೆ ಅಷ್ಟು ಚೆನ್ನಾಗಿದೆ ಅಂತ ಹಾಲ್‌ನ ಶೋಕೇಸಿನಲ್ಲಿ ನಿಲ್ಲಿಸಿದೆ. ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ಸಂಜೆ ಬಿಸಿಲು ಬೀಳುವ ಕಿಟಕಿ. ಹಾಗೇ ಎರಡು ಬೇಸಿಗೆ ಕಳೆದವು. ತಂಗಿಯ ಮಗಳಿಗೆ ಕೆಲಸ ಸಿಕ್ಕ ದಿನ ತೆರೆದೆವು. ಗುಳ್ಳೆ ಇತ್ತು, ನೊರೆ ಇತ್ತು. ಮೂಗಿಗೆ ಹಿಡಿದರೆ ಬೆಂದ ಎಲೆಕೋಸಿನ ವಾಸನೆ. ಪಲ್ಯ ಮಾಡುವಾಗ ಪಾತ್ರೆಯ ಮುಚ್ಚಳ ತೆಗೆದ ತಕ್ಷಣ ಮುಖಕ್ಕೆ ಬಡಿಯುತ್ತದಲ್ಲ, ಅದೇ. ಯಾರಿಗೂ ಎರಡನೇ ಗುಟುಕು ಕುಡಿಯೋಕೆ ಆಗಲಿಲ್ಲ.

ಅದು ಬೆಳಕಿನಿಂದ ಆದ ಪೆಟ್ಟು. ವೈನಿನಲ್ಲಿ ರೈಬೊಫ್ಲಾವಿನ್ ಇರುತ್ತದೆ, ನಾವು ಬಿ2 ವಿಟಮಿನ್ ಅನ್ನುವುದು ಅದನ್ನೇ. ಬೆಳಕು ಬಿದ್ದಾಗ ಅದು ಗಂಧಕ ಇರುವ ಅಮೈನೋ ಆಮ್ಲಗಳ ಜೊತೆ ಸೇರಿ ಈ ಕೆಟ್ಟ ವಾಸನೆ ಹುಟ್ಟಿಸುತ್ತದೆ. ಫ್ರಾನ್ಸಿನಲ್ಲಿ ಇದನ್ನು ಬೆಳಕಿನ ರುಚಿ ಅಂತಲೇ ಕರೆಯುತ್ತಾರೆ. ಗಾಢ ಹಸಿರು ಗಾಜು ಸ್ವಲ್ಪ ಕಾಪಾಡುತ್ತದೆ, ಬಣ್ಣವಿಲ್ಲದ ಗಾಜು ಕಾಪಾಡುವುದಿಲ್ಲ. ಲೂಯಿ ರೋಡೆರೆ ಮನೆತನ 1876ರಲ್ಲಿ ರಷ್ಯದ ಎರಡನೇ ಅಲೆಕ್ಸಾಂಡರ್ ದೊರೆಗಾಗಿ ಮಾಡಿದ ಕ್ರಿಸ್ಟಲ್ ಎಂಬ ಶಾಂಪೇನ್ ಇಂದಿಗೂ ಬಣ್ಣವಿಲ್ಲದ ಬಾಟಲಿಯಲ್ಲೇ ಬರುತ್ತದೆ, ಆದರೆ ಸುತ್ತ ಹಳದಿ ಸೆಲೋಫೇನ್ ಕಾಗದ ಸುತ್ತಿರುತ್ತಾರೆ. ಆ ಕಾಗದ ಅಲಂಕಾರಕ್ಕೆ ಅಂದುಕೊಂಡು ಕಿತ್ತು ಬಿಸಾಡಬೇಡಿ. ತೆರೆಯುವ ದಿನದವರೆಗೂ ಹಾಗೇ ಇರಲಿ.

ಆದ್ದರಿಂದ ಬಾಟಲಿ ಮನೆಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ, ಅದನ್ನು ಕತ್ತಲಲ್ಲಿ ಇಡುವುದು. ಡಬ್ಬದ ಜೊತೆ ಬಂದಿದ್ದರೆ ಡಬ್ಬದಲ್ಲೇ ಇರಲಿ. ಶಾಂಪೇನ್ ಸೀಮೆಯ ನೆಲಮಾಳಿಗೆಗಳು ಸೀಮೆಸುಣ್ಣದ ಕಲ್ಲಿನಲ್ಲಿ ಕೊರೆದವು, ವರ್ಷವಿಡೀ ಹೆಚ್ಚುಕಡಿಮೆ 10ರಿಂದ 12 ಡಿಗ್ರಿಯಲ್ಲೇ ಇರುತ್ತವೆ. ನಮ್ಮ ಮನೆಗಳಲ್ಲಿ ಅದು ಎಲ್ಲಿ ಸಿಗಬೇಕು? ಬೆಂಗಳೂರು, ಮೈಸೂರಿನಂಥ ಊರಾದರೆ ಒಳಕೋಣೆಯ ಬೀರುವಿನ ಕೆಳಗಿನ ಖಾನೆ ಕೆಲವು ತಿಂಗಳಿಗೆ ಪರವಾಗಿಲ್ಲ. ಮಂಗಳೂರು, ಕಲಬುರಗಿ ಕಡೆಯವರು ಬೇಸಿಗೆ ದಾಟಿಸುವ ಯೋಚನೆಯನ್ನೇ ಮಾಡಬೇಡಿ. ಫ್ರಿಜ್ಜಿನ ತರಕಾರಿ ಖಾನೆಯಲ್ಲಿ ಮಲಗಿಸಿ, ಕೆಲವು ವಾರಗಳಲ್ಲಿ ತೆರೆದುಬಿಡಿ. ಅಡುಗೆಮನೆಯ ಅಟ್ಟ ಮಾತ್ರ ಬೇಡವೇ ಬೇಡ. ಒಲೆಯ ಶಾಖವೆಲ್ಲ ಮೇಲಕ್ಕೇ ಹೋಗುತ್ತದೆ.

ವಿಂಟೇಜ್ ಅಂದರೆ ಏನು

ಶಾಂಪೇನ್ ಅನ್ನುವುದು ಒಂದು ಸೀಮೆಯ ಹೆಸರು. ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್. ರಾನ್ಸ್, ಎಪೆರ್ನೆ ಅಲ್ಲಿನ ಮುಖ್ಯ ಊರುಗಳು. ಅಲ್ಲಿ ಚಳಿ ಜಾಸ್ತಿ, ದ್ರಾಕ್ಷಿ ಒಂದು ವರ್ಷ ಮಾಗಿದ ಹಾಗೆ ಇನ್ನೊಂದು ವರ್ಷ ಮಾಗುವುದಿಲ್ಲ. ಹಾಗಾಗಿ ಬೇರೆ ಬೇರೆ ವರ್ಷಗಳ ವೈನ್ ಬೆರೆಸಿ ಪ್ರತಿ ಸಲವೂ ಒಂದೇ ರುಚಿ ಬರುವಂತೆ ಮಾಡುವುದು ಅಲ್ಲಿನ ರೂಢಿ. ಲೇಬಲ್ ಮೇಲೆ ಇಸವಿ ಇರುವುದಿಲ್ಲ. ಒಳ್ಳೆಯ ವರ್ಷ ಬಂದಾಗ ಮಾತ್ರ ಆ ಒಂದೇ ವರ್ಷದ ದ್ರಾಕ್ಷಿಯಿಂದ ವೈನ್ ಮಾಡಿ ಇಸವಿ ಹಾಕುತ್ತಾರೆ. ಅದೇ ವಿಂಟೇಜ್. ದ್ರಾಕ್ಷಿ ಮುಖ್ಯವಾಗಿ ಮೂರು: ಬಿಳಿಯ ಶಾರ್ಡನೇ, ಕಪ್ಪಿನ ಪಿನೋ ನ್ವಾರ್ ಮತ್ತು ಮ್ಯೂನಿಯೇ.

ಗುಳ್ಳೆ ಹುಟ್ಟುವುದು ಬಾಟಲಿಯ ಒಳಗೇ. ಒಮ್ಮೆ ಹುದುಗಿ ವೈನ್ ಆದದ್ದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಜೊತೆಗೆ ಈಸ್ಟ್ ಹಾಕಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಈಸ್ಟ್ ಆ ಸಕ್ಕರೆ ತಿಂದು ಗಾಳಿ, ಅಂದರೆ ಇಂಗಾಲದ ಡೈಆಕ್ಸೈಡ್, ಬಿಡುತ್ತದೆ, ಅದು ಹೊರಗೆ ಹೋಗಲಾರದೆ ವೈನಿನಲ್ಲೇ ಕರಗುತ್ತದೆ. ಆಮೇಲೆ ಈಸ್ಟ್ ಸತ್ತು ಕೆಳಗೆ ಕೂರುತ್ತದೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ಸತ್ತ ಈಸ್ಟ್ ನಿಧಾನವಾಗಿ ಒಡೆಯುತ್ತಾ ವೈನಿಗೆ ಬ್ರೆಡ್, ಬಿಸ್ಕತ್ತು, ಬೆಣ್ಣೆಯ ಘಮ ಕೊಡುತ್ತದೆ. ಇದಕ್ಕೆ ವರ್ಷಗಳು ಬೇಕು. ಇಸವಿ ಇಲ್ಲದ ಶಾಂಪೇನ್ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇರಬೇಕು, ವಿಂಟೇಜ್ ಕನಿಷ್ಠ 3 ವರ್ಷ ಇರಬೇಕು ಅಂತ ಅಲ್ಲಿನ ಕಾನೂನು. ಒಳ್ಳೆಯ ಮನೆತನಗಳು ಇನ್ನೂ ಎಷ್ಟೋ ವರ್ಷ ಜಾಸ್ತಿ ಇಡುತ್ತವೆ. ಕೊನೆಗೆ ಬಾಟಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಲೆಕೆಳಗು ಮಾಡಿ, ಕುತ್ತಿಗೆಗೆ ಇಳಿದ ಈಸ್ಟನ್ನು ತೆಗೆದು, ಬೇಕಿದ್ದರೆ ಸ್ವಲ್ಪ ಸಿಹಿ ಸೇರಿಸಿ ಕಾರ್ಕ್ ಹಾಕುತ್ತಾರೆ.

ವರ್ಷಕ್ಕೆ ವರ್ಷ ಎಷ್ಟು ವ್ಯತ್ಯಾಸ ಇರುತ್ತದೆ ಅಂದರೆ, 2003ರಲ್ಲಿ ಏಪ್ರಿಲ್ ತಿಂಗಳ ಹಿಮ ಚಿಗುರನ್ನು ಸುಟ್ಟಿತು, ಆಮೇಲೆ ಯುರೋಪನ್ನೇ ಬೇಯಿಸಿದ ಬಿಸಿಗಾಳಿ ಬಂತು. ಹುಳಿ ಕಮ್ಮಿ, ಮೈ ದಪ್ಪ, ಬೇಗ ಮಾಗಿದ ವೈನ್‌ಗಳು ಆ ವರ್ಷದವು. 2008 ಅದರ ತದ್ವಿರುದ್ಧ. ಬೇಸಿಗೆಯೆಲ್ಲ ಮೋಡ, ತಂಪು, ಬಳ್ಳಿಗೆ ಬೂಷ್ಟಿನ ರೋಗ. ಸೆಪ್ಟೆಂಬರಿನಲ್ಲಿ ಒಣ ಹವೆ, ಬಿಸಿಲು, ತಣ್ಣನೆಯ ರಾತ್ರಿ ಬಂದು ಬೆಳೆ ಉಳಿಯಿತು. ಹುಳಿ ಎಷ್ಟು ಗಟ್ಟಿಯಾಗಿತ್ತು ಅಂದರೆ ಡೋಂ ಪೆರಿನ್ಯೊಂ ಎಂಬ ಶಾಂಪೇನ್ ಮತ್ತು ಮೇಲೆ ಹೇಳಿದ ಕ್ರಿಸ್ಟಲ್ ಎರಡೂ 2009ನೇ ಇಸವಿಯದನ್ನು ಮೊದಲು ಮಾರುಕಟ್ಟೆಗೆ ಬಿಟ್ಟು, 2008ನ್ನು ಆಮೇಲೆ ಬಿಟ್ಟವು. ಅಂದರೆ ತಮ್ಮ ಮೊದಲು ಹೊರಟ, ಅಣ್ಣ ಇನ್ನೂ ಸಿದ್ಧನಾಗಿರಲಿಲ್ಲ. ನನ್ನ ಎರಡನೇ ಬಾಟಲಿ 2008ರದ್ದು. ಕೆಳಗೆ ನಾನು ರುಚಿಯ ಬಗ್ಗೆ ಹೇಳುವುದೆಲ್ಲ ಹೆಚ್ಚಾಗಿ ಆ ಸಂಜೆಯದ್ದು.

ಲೇಬಲ್ ಓದುವಾಗ ಇಸವಿಯ ಜೊತೆ ಇನ್ನೆರಡು ನೋಡಿ. ಒಂದು, ಸಿಹಿಯ ಮಟ್ಟ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಮ್ಮಿ ಸಕ್ಕರೆ, ಎಕ್ಸ್‌ಟ್ರಾ ಬ್ರೂಟ್ 6 ಗ್ರಾಂ ಒಳಗೆ. ಎಕ್ಸ್‌ಟ್ರಾ ಡ್ರೈ ಅನ್ನುವುದು ಬ್ರೂಟ್‌ಗಿಂತ ಸಿಹಿ, ಹೆಸರು ಕೇಳಿ ಮೋಸಹೋಗಬೇಡಿ. ಡೆಮಿ ಸೆಕ್ ಸಾಕಷ್ಟು ಸಿಹಿ, 32ರಿಂದ 50 ಗ್ರಾಂ. ಎರಡನೆಯದು, ಹಿಂದಿನ ಲೇಬಲ್ ಮೇಲೆ ಕೆಲವರು ಈಸ್ಟ್ ತೆಗೆದ ತಿಂಗಳು ಹಾಕಿರುತ್ತಾರೆ, ಬೊಲಾಂಜೆ ಮನೆತನದ ‘ಗ್ರಾಂದ್ ಆನೆ’ ಎಂಬ ವಿಂಟೇಜ್ ಶಾಂಪೇನ್‌ನಲ್ಲಿ ಇದು ಸಿಗುತ್ತದೆ. ಆ ದಿನಾಂಕ ತೀರಾ ಹತ್ತಿರದ್ದಾಗಿದ್ದರೆ ಇನ್ನೂ ನಾಲ್ಕಾರು ತಿಂಗಳು ಬಿಡಿ, ಆಗ ವೈನ್ ಸುಧಾರಿಸಿಕೊಳ್ಳುತ್ತದೆ.

ತಣ್ಣಗೆ ಮಾಡುವುದು

ಇಲ್ಲೇ ಎಲ್ಲರೂ ತಪ್ಪುವುದು. ಐಸ್‌ನಂತೆ ಕೊರೆಯುವ ಶಾಂಪೇನ್‌ನಲ್ಲಿ ನಾಲಿಗೆಗೆ ಚಳಿ ಮತ್ತು ಚುಚ್ಚು ಬಿಟ್ಟು ಏನೂ ಗೊತ್ತಾಗುವುದಿಲ್ಲ. ಎಂಟು ಹತ್ತು ವರ್ಷ ಕಾದು ಬಂದ ಘಮವೆಲ್ಲ ಮುದುಡಿಕೊಂಡು ಕೂತಿರುತ್ತದೆ. ಸಾಮಾನ್ಯ ಶಾಂಪೇನ್ 8 ಡಿಗ್ರಿಯಲ್ಲಿ ಚೆನ್ನ. ವಿಂಟೇಜ್‌ಗೆ 10ರಿಂದ 12 ಬೇಕು.

ಆದರೆ ತೆರೆಯುವ ಹೊತ್ತಿಗೆ ಬಾಟಲಿ ಇದಕ್ಕಿಂತ ಸ್ವಲ್ಪ ತಣ್ಣಗಿರಲಿ, 8ರ ಆಸುಪಾಸು. ಬಿಸಿ ಇದ್ದಷ್ಟೂ ಒಳಗಿನ ಒತ್ತಡ ಜಾಸ್ತಿ, ನೊರೆ ಉಕ್ಕಿ ಅರ್ಧ ವೈನ್ ಮೇಜಿನ ಮೇಲೆ ಹೋಗುತ್ತದೆ. ಸುರಿದ ಮೇಲೆ ನಮ್ಮ ಊರಿನ ಹವೆಗೆ ಗ್ಲಾಸಿನಲ್ಲೇ ಎರಡು ಮೂರು ಡಿಗ್ರಿ ಏರುತ್ತದೆ, ಆ ಕೆಲಸ ನೀವು ಮಾಡಬೇಕಾಗಿಲ್ಲ.

ಫ್ರಿಜ್ಜಿನಲ್ಲಾದರೆ ಮೂರು ನಾಲ್ಕು ಗಂಟೆ. ಬಕೆಟ್‌ನಲ್ಲಾದರೆ ಅರ್ಧ ಐಸ್, ಅರ್ಧ ನೀರು, ಇಪ್ಪತ್ತರಿಂದ ಮೂವತ್ತು ನಿಮಿಷ. ಬರೀ ಐಸ್ ತುಂಬಿದರೆ ತುಂಡುಗಳ ಮಧ್ಯೆ ಗಾಳಿ ಉಳಿದು ತಣ್ಣಗಾಗೋದು ನಿಧಾನ. ನೀರು ಬಾಟಲಿಯ ಮೈಗೆ ಎಲ್ಲ ಕಡೆಯಿಂದ ತಾಗುತ್ತದೆ. ಅವಸರ ಇದ್ದರೆ ಎರಡು ಹಿಡಿ ಕಲ್ಲುಪ್ಪು ಹಾಕಿ, ಬೇಗ ಆಗುತ್ತದೆ. ಬಾಟಲಿಯ ಕುತ್ತಿಗೆಯೂ ತಣ್ಣಗಾಗಬೇಕು, ಹೊರಗೆ ಉಳಿದರೆ ಮೊದಲ ಗ್ಲಾಸ್ ಬುಸುಗುಟ್ಟುತ್ತದೆ. ಫ್ರೀಜರ್‌ನಲ್ಲಿ ಇಡಬೇಡಿ. ಮರೆತರೆ ಬಾಟಲಿ ಒಡೆಯುತ್ತದೆ.

ಗ್ಲಾಸಿನ ವಿಷಯ

ಉದ್ದನೆಯ ಕೊಳವೆಯಂಥ ಫ್ಲೂಟ್ ನೋಡೋಕೆ ಚೆಂದ. ಮೂಗು ಒಳಗೆ ಹೋಗುವುದಿಲ್ಲ, ಕಿರಿದಾದ ಬಾಯಿಯಲ್ಲಿ ಗಾಳಿ ಒತ್ತಾಗಿ ನಿಂತು ಮೂಗನ್ನು ಚುಚ್ಚುತ್ತದೆ. ಬಸಿಯಂತೆ ಅಗಲವಾದ ಕೂಪ್‌ನಲ್ಲಿ ಗುಳ್ಳೆ ಬೇಗ ಖಾಲಿ. ಮಧ್ಯೆ ಉಬ್ಬಿ, ಮೇಲೆ ಸ್ವಲ್ಪ ಕೂಡಿಕೊಂಡಿರುವ ಟ್ಯೂಲಿಪ್ ಆಕಾರದ ಗ್ಲಾಸ್ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಬಿಳಿ ವೈನಿನ ಸಾಧಾರಣ ಗ್ಲಾಸ್ ಸಾಕು. ನನ್ನ ಮನೆಯಲ್ಲಿರುವುದು ಅದೇ.

ತೊಳೆಯುವುದು ಆಕಾರಕ್ಕಿಂತ ಮುಖ್ಯ. ಸೋಪಿನ ಒಂದು ತೆಳು ಪದರ ಉಳಿದರೂ ಗುಳ್ಳೆ ಸಾಯುತ್ತದೆ. ರಾನ್ಸ್ ವಿಶ್ವವಿದ್ಯಾಲಯದ ಜೆರಾರ್ ಲಿಜೆ ಬೆಲೇರ್ ಎಂಬ ಭೌತವಿಜ್ಞಾನಿ ಎಷ್ಟೋ ವರ್ಷಗಳಿಂದ ಶಾಂಪೇನ್ ಗುಳ್ಳೆಯನ್ನೇ ಅಧ್ಯಯನ ಮಾಡಿದ್ದಾರೆ. ಗುಳ್ಳೆ ಗಾಜಿನಿಂದ ಹುಟ್ಟುವುದಲ್ಲ, ಗಾಜಿಗೆ ಅಂಟಿದ ಬಟ್ಟೆಯ ಎಳೆ, ಧೂಳಿನ ಕಣಗಳ ಒಳಗೆ ಸಿಕ್ಕಿಕೊಂಡ ಗಾಳಿಯಿಂದ ಹುಟ್ಟುವುದು ಅಂತ ತೋರಿಸಿಕೊಟ್ಟವರು ಅವರು. ಪೂರ್ತಿ ಶುದ್ಧವಾದ ಗ್ಲಾಸಿನಲ್ಲಿ ಗುಳ್ಳೆಯ ಸಾಲೇ ಏಳುವುದಿಲ್ಲ. ಹಾಗಾಗಿ ಬಿಸಿನೀರಿನಲ್ಲಿ ತೊಳೆದು, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿಬಿಡಿ. ಆ ಬಟ್ಟೆ ಬಿಟ್ಟುಹೋದ ಕಣ್ಣಿಗೆ ಕಾಣದ ಎಳೆಗಳೇ ಗುಳ್ಳೆಯ ಸರಕ್ಕೆ ತವರು. ಒಂದು ಗ್ಲಾಸಿನಲ್ಲಿ ಗುಳ್ಳೆ ಜೋರಾಗಿ, ಇನ್ನೊಂದರಲ್ಲಿ ಮೆಲ್ಲಗೆ ಬಂದರೆ ವೈನ್ ಕೆಟ್ಟಿದೆ ಅಂದುಕೊಳ್ಳಬೇಡಿ, ಗ್ಲಾಸ್ ಬೇರೆ ಅಷ್ಟೇ. ಗ್ಲಾಸನ್ನು ಫ್ರಿಜ್ಜಿನಲ್ಲಿ ಇಡುವುದು ಬೇಡ, ನೀರಿನ ಪಸೆ ಕಟ್ಟುತ್ತದೆ.

ತೆರೆಯುವುದು

ಟ್ರೋಫಿ ಗೆದ್ದ ಆಟಗಾರರು ಅಲ್ಲಾಡಿಸಿ ಚಿಮ್ಮಿಸುವುದನ್ನು ಟಿವಿಯಲ್ಲಿ ನೋಡಿ ನೋಡಿ ನಮಗೆ ಶಾಂಪೇನ್ ಅಂದರೆ ಅದೇ ಆಗಿಬಿಟ್ಟಿದೆ. ಒಳಗೆ ಸುಮಾರು 6 ವಾಯುಭಾರದಷ್ಟು ಒತ್ತಡ ಇರುತ್ತದೆ, ಕಾರಿನ ಟೈರಿನಲ್ಲಿ ಇರುವುದರ ಎರಡೂವರೆ ಪಟ್ಟು. ಹಾರಿದ ಕಾರ್ಕ್ ಕಣ್ಣಿಗೆ ಬಡಿದರೆ ಕಣ್ಣು ಹೋಗಬಹುದು. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ, ಮನೆಯಲ್ಲಿ ಮಕ್ಕಳು ಸುತ್ತ ನಿಂತು ನೋಡುತ್ತಿರುತ್ತಾರೆ ಅಂತ ಹೇಳುತ್ತಿದ್ದೇನೆ.

ಮೊದಲು ಮೇಲಿನ ಹೊಳೆಯುವ ಹಾಳೆ ಬಿಚ್ಚಿ. ಒಳಗೆ ತಂತಿಯ ಪುಟ್ಟ ಬುಟ್ಟಿ ಕಾರ್ಕನ್ನು ಅಮುಕಿ ಹಿಡಿದಿರುತ್ತದೆ. ಫ್ರೆಂಚಿನಲ್ಲಿ ಅದರ ಹೆಸರು ಮ್ಯೂಜ್ಲೆ, ಪ್ರಾಣಿಯ ಬಾಯಿ ಕಟ್ಟುವುದು ಅನ್ನುವ ಮಾತಿನಿಂದ ಬಂದದ್ದು. ಕಣದಲ್ಲಿ ಎತ್ತಿನ ಬಾಯಿಗೆ ನಮ್ಮವರು ಕಟ್ಟುತ್ತಿದ್ದ ಬಾಯಿಕುಕ್ಕೆಯೇ ನೋಡಿ ಅದು! ಅಡೋಲ್ಫ್ ಜಾಕ್ಸೋಂ ಎಂಬವರು 1844ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದರ ಕಿವಿಯನ್ನು ಆರು ಸಲ ಅರ್ಧರ್ಧ ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ತಿರುಗಿಸಲು ಶುರುಮಾಡುವ ಮೊದಲೇ ಎಡಗೈ ಹೆಬ್ಬೆರಳು ಕಾರ್ಕಿನ ಮೇಲೆ ಇರಬೇಕು. ಅಲ್ಲಿಂದ ಮುಂದೆ ಆ ಬೆರಳು ತೆಗೆಯುವ ಹಾಗಿಲ್ಲ. ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಇಡಬೇಡಿ, ಕಾರ್ಕಿನ ಮೇಲೇ ಇರಲಿ, ಹಿಡಿತ ಸಿಗುತ್ತದೆ. ಮೇಲೊಂದು ಒಣ ಬಟ್ಟೆ ಹಾಕಿ.

ಈಗ ಬಾಟಲಿಯನ್ನು ಓರೆ ಮಾಡಿ, 45 ಡಿಗ್ರಿ ಇರಲಿ, ಬಾಯಿ ಯಾರ ಕಡೆಗೂ ಬೇಡ. ಕಾರ್ಕ್ ಹಿಡಿದ ಕೈ ಗಟ್ಟಿಯಾಗಿ ನಿಲ್ಲಬೇಕು. ತಿರುಗಬೇಕಾದ್ದು ಬಾಟಲಿ, ಅದರ ಬುಡ ಹಿಡಿದು ಮೆಲ್ಲಗೆ ತಿರುಗಿಸಿ. ಸ್ವಲ್ಪ ಹೊತ್ತಿಗೆ ಕಾರ್ಕ್ ತಾನಾಗಿ ಮೇಲಕ್ಕೆ ನೂಕುವುದು ಅಂಗೈಗೆ ಗೊತ್ತಾಗುತ್ತದೆ. ಆಗ ಎಳೆಯಬೇಡಿ. ಉಲ್ಟಾ, ಕೆಳಕ್ಕೆ ಒತ್ತಿ ಹಿಡಿದು, ಕೂದಲೆಳೆಯಷ್ಟು ಓರೆ ಮಾಡಿ ಗಾಳಿಗೆ ಮಾತ್ರ ದಾರಿ ಕೊಡಿ. ಢಬ್ ಅನ್ನಬಾರದು. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದಾಗ ಸ್ಸ್ ಅನ್ನುತ್ತದಲ್ಲ, ಅಷ್ಟು ಶಬ್ದ ಸಾಕು. ಮೊದಲ ಸಲ ಕೈ ನಡುಗುವುದು ಸಹಜ. ಭಯವಾದರೆ ನಾಸಿಕ್‌ನಲ್ಲಿ ಇದೇ ವಿಧಾನದಲ್ಲಿ ಮಾಡುವ ಸೂಲಾ ಬ್ರೂಟ್ ಅಥವಾ ಶಾಂದೋಂ ಬಾಟಲಿಯ ಮೇಲೆ ಒಂದೆರಡು ಸಲ ಅಭ್ಯಾಸ ಮಾಡಿ. ತಂತಿ, ಕಾರ್ಕ್ ಅದೇ ಥರದ್ದು, ತೆರೆಯುವ ಕ್ರಮವೂ ಅದೇ.

ಬಂದ ಕಾರ್ಕನ್ನು ಒಮ್ಮೆ ನೋಡಿ. ಕಾರ್ಕ್ ಹಾಕಿ ಜಾಸ್ತಿ ದಿನ ಆಗಿಲ್ಲದಿದ್ದರೆ ಬುಡ ಲಂಗದಂತೆ ಅರಳಿಕೊಳ್ಳುತ್ತದೆ. ತುಂಬ ವರ್ಷ ಬಾಟಲಿಯಲ್ಲೇ ಇದ್ದದ್ದು ಗೂಟದಂತೆ ನೆಟ್ಟಗೆ, ಸಣ್ಣಗೆ ಉಳಿದಿರುತ್ತದೆ. ಅದನ್ನು ಮೂಸಿ ನೋಡಿ, ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆ ಬಂದರೆ ಅನುಮಾನ ಪಡಿ. ಅದೇ ವಾಸನೆ ವೈನಿನಲ್ಲೂ ಇದ್ದರೆ ಕಾರ್ಕಿನಿಂದ ವೈನ್ ಕೆಟ್ಟಿದೆ ಅಂತ ಅರ್ಥ. ಅದು ಯಾರ ಕೈಯಲ್ಲೂ ಇಲ್ಲ, ಕುಡಿದರೆ ಅಪಾಯವಿಲ್ಲ, ಆದರೆ ರುಚಿ ಸತ್ತಿರುತ್ತದೆ.

ಸುರಿಯುವುದು

ಗ್ಲಾಸನ್ನು ಓರೆ ಹಿಡಿದು ಗೋಡೆಯ ಮೇಲೆ ಜಾರುವಂತೆ ಸುರಿಯಿರಿ. ಲಿಜೆ ಬೆಲೇರ್ ಅವರ ತಂಡ 2010ರಲ್ಲಿ ಅಳೆದು ನೋಡಿದಾಗ, ನೇರವಾಗಿ ನಡುವಿಗೆ ಸುರಿಯುವುದಕ್ಕಿಂತ ಹೀಗೆ ಸುರಿದಾಗ ವೈನಿನಲ್ಲಿ ಗಾಳಿ ಜಾಸ್ತಿ ಉಳಿಯಿತು. ವೈನ್ ತಣ್ಣಗಿದ್ದಷ್ಟೂ ನಷ್ಟ ಕಮ್ಮಿ. ಗ್ಲಾಸಿನ ಮೂರನೇ ಒಂದು ಭಾಗ ಸಾಕು, ಅರ್ಧಕ್ಕಿಂತ ಮೇಲೆ ಬೇಡ. ಘಮ ನಿಲ್ಲೋಕೆ ಜಾಗ ಬೇಕಲ್ವಾ. 750 ಮಿಲಿಯ ಬಾಟಲಿ ಆರು ಗ್ಲಾಸ್ ಆಗುತ್ತದೆ, ಆದರೆ ನನ್ನ ಪ್ರಕಾರ ಒಂದು ವಿಂಟೇಜ್ ಬಾಟಲಿಗೆ ನಾಲ್ಕು ಜನ ಸರಿ. ಹನ್ನೆರಡು ಜನರಿಗೆ ಗುಟುಕು ಗುಟುಕು ಹಂಚಿದರೆ ಯಾರಿಗೂ ಅದು ಬದಲಾಗುವುದನ್ನು ನೋಡಲು ಸಿಗುವುದಿಲ್ಲ. ಕೂಟ ದೊಡ್ಡದಾದರೆ ಅಲ್ಲಿಗೆ ಇಸವಿ ಇಲ್ಲದ್ದನ್ನು ತನ್ನಿ, ಇದನ್ನು ಇನ್ನೊಂದು ದಿನಕ್ಕೆ ಇಡಿ.

ಸವಿಯುವುದು

ಕೂರುವ ಮುಂಚೆ ಕೋಣೆಯನ್ನು ಸಿದ್ಧ ಮಾಡಿ. ಊದುಬತ್ತಿ ಹಚ್ಚಿದ್ದರೆ ಆರಿಸಿ ಕಿಟಕಿ ತೆಗೆಯಿರಿ. ಒಗ್ಗರಣೆಯ ಘಾಟು ಹೋಗಲಿ. ಆ ಸಂಜೆ ಸೆಂಟ್ ಹಾಕಿಕೊಳ್ಳಬೇಡಿ, ಮೇಜಿನ ಮೇಲೆ ಮಲ್ಲಿಗೆ ಇಡಬೇಡಿ. ಆಗಷ್ಟೇ ಫಿಲ್ಟರ್ ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಡಿ. ನಮ್ಮ ಮನೆಗಳಲ್ಲಿ ವಾಸನೆಗಳು ಎಷ್ಟು ಜೋರಾಗಿ ಇರುತ್ತವೆ ಅನ್ನುವುದು ಇಂಥ ವೈನ್ ಮುಂದಿಟ್ಟುಕೊಂಡಾಗಲೇ ಗೊತ್ತಾಗುವುದು.

ಮೊದಲು ಕಣ್ಣು. ಬಿಳಿ ಗೋಡೆಯ ಮುಂದೆ ಹಿಡಿದು ನೋಡಿ. ಎಳೆಯದು ತಿಳಿ ನಿಂಬೆ ಬಣ್ಣ, ವಯಸ್ಸಾದಂತೆ ಬಂಗಾರಕ್ಕೆ ತಿರುಗುತ್ತದೆ. ಹಳೆಯ ಶಾಂಪೇನ್‌ನಲ್ಲಿ ಗುಳ್ಳೆ ಸಣ್ಣ, ಏಳುವುದೂ ಮೆತ್ತಗೆ. ವರ್ಷಗಳ ಕಾಲ ಮುಚ್ಚಳದ ಸಂದಿಯಿಂದ ಗಾಳಿ ಸ್ವಲ್ಪ ಸ್ವಲ್ಪವೇ ಸೋರಿ ಹೋಗಿರುತ್ತದೆ, ಕರಗಿರುವ ಗಾಳಿ ಕಮ್ಮಿಯಾದಷ್ಟು ಗುಳ್ಳೆ ಕಿರಿದಾಗುತ್ತದೆ. ಅದು ಕುಂದಲ್ಲ.

ಆಮೇಲೆ ಮೂಗು. ಅಲ್ಲಾಡಿಸುವ ಮೊದಲು ಒಮ್ಮೆ ಮೂಸಿ. ಮೇಲೆ ಒಡೆಯುವ ಪ್ರತಿ ಗುಳ್ಳೆಯೂ ಸಣ್ಣ ತುಂತುರು ಎಸೆಯುತ್ತದೆ, ಘಮವನ್ನು ಮೇಲಕ್ಕೆ ತರುವ ಕೆಲಸ ಅದೇ ಮಾಡುತ್ತದೆ. ಹಾಗಾಗಿ ಕೆಂಪು ವೈನಿನಂತೆ ಗರಗರ ತಿರುಗಿಸಬೇಕಿಲ್ಲ, ಒಂದು ಮೆಲು ಸುತ್ತು ಸಾಕು. ಏನು ವಾಸನೆ ಅಂತ ಕೇಳಿದಾಗ ಬ್ರಿಯೋಷ್, ಹೇಝಲ್‌ನಟ್ ಅಂತ ಪುಸ್ತಕದ ಮಾತು ಹುಡುಕಬೇಡಿ. ನಿಮ್ಮ ಮೂಗು ಬೆಳೆದ ಊರಿನ ವಾಸನೆಗಳೇ ಸಾಕು. ನನ್ನ 2008ರ ಬಾಟಲಿ ಸುರಿದ ತಕ್ಷಣ ಬಾಗಿಲು ಹಾಕಿಕೊಂಡಿತ್ತು. ಹೇರಳೆಕಾಯಿ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಬರುವ ವಾಸನೆ, ಹಸಿರು ಸೇಬು, ಒದ್ದೆ ಸೀಮೆಸುಣ್ಣ, ಅಷ್ಟೇ. ತಂಗಿ ಗಂಡ, ಇಷ್ಟೇನಾ ಅಂದರು.

ಇಷ್ಟೇ ಅಲ್ಲ ಅನ್ನುವುದು ಅರ್ಧ ಗಂಟೆಯ ಮೇಲೆ ಗೊತ್ತಾಯಿತು. ಗ್ಲಾಸ್ ಸ್ವಲ್ಪ ಬೆಚ್ಚಗಾಗುತ್ತಾ ಬಂದ ಹಾಗೆ ಬೆಳಗ್ಗೆ ಅಯ್ಯಂಗಾರ್ ಬೇಕರಿ ಮುಂದೆ ಹಾದುಹೋದ ಹಾಗಾಯಿತು. ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡಿನ ಮೇಲ್ಸಿಪ್ಪೆ, ಪಕ್ಕದಲ್ಲಿ ಬೆಣ್ಣೆ ಬಿಸ್ಕತ್ತು. ಒಂದು ಗಂಟೆ ದಾಟಿದ ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ. ಕೊನೆಯ ಗ್ಲಾಸಿನ ಹೊತ್ತಿಗೆ ಜೇನು ಮತ್ತು ಎಲ್ಲೋ ದೂರದಲ್ಲಿ ಹುರಿಯುತ್ತಿರುವ ಕಾಫಿ ಬೀಜ. ಒಂದೇ ಬಾಟಲಿ, ಎರಡು ಗಂಟೆ. ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆಮೇಲೆ ಬಾಯಿ. ದೊಡ್ಡ ಗುಟುಕು ಬೇಡ, ಎರಡು ಚಮಚದಷ್ಟು. ತಕ್ಷಣ ನುಂಗಬೇಡಿ. ನಾಲಿಗೆಯ ಮೇಲೆ ಒಮ್ಮೆ ಹರಡಲು ಬಿಡಿ. ಮೊದಲು ಗುಳ್ಳೆಯನ್ನು ಗಮನಿಸಿ. ಸೋಡಾದಂತೆ ಚುಚ್ಚುತ್ತದೋ, ಹಾಲಿನ ಕೆನೆಯಂತೆ ಮೆತ್ತಗಿದೆಯೋ? ಒಳ್ಳೆಯ ವಿಂಟೇಜ್‌ನಲ್ಲಿ ಅದು ನೊರೆಯಾಗಿ ಕರಗುತ್ತದೆ. ಎರಡನೆಯದು ಹುಳಿ. ನುಂಗಿದ ಮೇಲೆ ದವಡೆಯ ಎರಡೂ ಬದಿಯಲ್ಲಿ ನೀರೂರುತ್ತದೆ, ಹುಣಸೆಕಾಯಿಗೆ ಉಪ್ಪು ಹಚ್ಚುವುದನ್ನು ನೋಡಿದರೆ ಊರುವ ಹಾಗೆ. ಇಂಥ ವೈನ್ ಹತ್ತಾರು ವರ್ಷ ನಿಲ್ಲುವುದು ಆ ಹುಳಿಯ ಬಲದಿಂದ. ಹುಳಿ ಒಂದು ಕಡೆ, ಹಣ್ಣು ಇನ್ನೊಂದು ಕಡೆ ಎಳೆದಾಡುತ್ತಿದ್ದರೆ ಇನ್ನೂ ಎಳೆಯದು. ಎರಡೂ ಒಂದಾಗಿ ಬಂದರೆ ಹದವಾಗಿದೆ. ಮೂರನೆಯದು, ನುಂಗಿದ ಮೇಲೆ ಮನಸ್ಸಿನಲ್ಲೇ ಎಣಿಸಿ. ಐದು ಎಣಿಸುವಷ್ಟರಲ್ಲಿ ರುಚಿ ಹೋದರೆ ಸಾಧಾರಣ. ಆ ರಾತ್ರಿ ನಾನು ಇಪ್ಪತ್ತು ದಾಟಿದರೂ ಬಾಯಲ್ಲಿ ಸಣ್ಣ ಉಪ್ಪಿನ ರುಚಿ, ನಿಂಬೆ, ಹುರಿದ ಬೀಜ ಹಾಗೇ ಇತ್ತು.

ಒಂದು ಕೆಲಸ ಮಾಡಿ. ನಿಮ್ಮ ಗ್ಲಾಸಿನಲ್ಲಿ ಒಂದು ಗುಟುಕನ್ನು ಕುಡಿಯದೆ ಪಕ್ಕಕ್ಕೆ ಇಡಿ. ಕೊನೆಯಲ್ಲಿ ಗುಳ್ಳೆ ಹೆಚ್ಚುಕಡಿಮೆ ಹೋದಮೇಲೆ ಅದನ್ನು ಕುಡಿದು ನೋಡಿ. ಗುಳ್ಳೆಯ ಮರೆ ಇಲ್ಲದೆ ಆಗ ಬರೀ ವೈನ್ ಸಿಗುತ್ತದೆ. ಅದೂ ಚೆನ್ನಾಗಿದ್ದರೆ ಬಾಟಲಿ ನಿಜವಾಗಿ ಒಳ್ಳೆಯದು.

ರುಚಿ ಸರಿ ಇಲ್ಲ ಅನ್ನಿಸಿದರೆ ಕಾರಣ ಗುರುತಿಸುವುದು ಕಷ್ಟವಲ್ಲ. ಒದ್ದೆ ರಟ್ಟಾದರೆ ಕಾರ್ಕ್. ಬೆಂದ ಎಲೆಕೋಸಾದರೆ ಬೆಳಕು. ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಮಾತ್ರ ಉಳಿದು, ಬಣ್ಣ ಕಂದಾಗಿ, ಗುಳ್ಳೆ ಸತ್ತಿದ್ದರೆ ಶಾಖ ಅಥವಾ ತೀರಾ ವಯಸ್ಸು.

ಜೊತೆಗೆ ತಿನ್ನುವುದು

ಕೇಕ್ ಜೊತೆ ಕೊಡಬೇಡಿ. ಹುಟ್ಟುಹಬ್ಬ, ಮದುವೆಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ. ಬಾಯಲ್ಲಿ ಸಿಹಿ ಇದ್ದಾಗ ಬ್ರೂಟ್ ಕುಡಿದರೆ ಬರೀ ಹುಳಿ, ಒಗರು. ಕೇಕ್ ಬೇಕೇ ಬೇಕು ಅಂದರೆ ಡೆಮಿ ಸೆಕ್ ತನ್ನಿ. ಖಾರವೂ ಆಗುವುದಿಲ್ಲ, ಗುಳ್ಳೆ ಖಾರವನ್ನು ಇನ್ನಷ್ಟು ಉರಿಸುತ್ತದೆ. ಮೆಣಸಿನಕಾಯಿ ಬಜ್ಜಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಇದಕ್ಕೆ ಇಷ್ಟ ಉಪ್ಪು, ಕರಿದದ್ದು, ಕೊಬ್ಬು. ಫ್ರಾನ್ಸಿನಲ್ಲಿ ಹಸಿ ಸಿಂಪಿ, ಹಳೆಯ ಕೊಂತೆ ಚೀಸ್, ಕೆನೆ ಹಾಕಿದ ಕೋಳಿ, ಅಣಬೆ ಇಡುತ್ತಾರೆ. ನಮ್ಮ ಮನೆಯಲ್ಲಿ ಮೆಣಸು ಹಾಕದೆ ಬಿಸಿಬಿಸಿ ಉದ್ದಿನ ವಡೆ ಇಟ್ಟೆವು, ಚಟ್ನಿ ಇಲ್ಲದೆ. ಉಪ್ಪು ಹಾಕಿ ಹುರಿದ ಗೋಡಂಬಿ ಇತ್ತು. ಕಾಣೆ ಮೀನಿಗೆ ಖಾರದ ಮಸಾಲೆ ಬಿಟ್ಟು ಉಪ್ಪು, ನಿಂಬೆ, ರವೆ ಹಚ್ಚಿ ಕಾಯಿಸಿದ್ದು ಎಲ್ಲಕ್ಕಿಂತ ಚೆನ್ನಾಗಿ ಹೊಂದಿತು. ಬೆಣ್ಣೆಯಲ್ಲಿ ಹುರಿದ ಅಣಬೆಯೂ ಸೈ, ವಯಸ್ಸಾದ ಶಾಂಪೇನ್‌ನಲ್ಲೇ ಒಂದು ಅಣಬೆಯ ಘಮ ಇರುತ್ತದೆ. ಮೊದಲ ಗ್ಲಾಸನ್ನು ಮಾತ್ರ ಏನೂ ತಿನ್ನದೆ ಕುಡಿಯಿರಿ. ಮತ್ತೆ, ಅದರಲ್ಲಿ ಆಲ್ಕೋಹಾಲ್ ಸುಮಾರು 12ರಿಂದ 12.5 ಶೇಕಡ ಇರುತ್ತದೆ, ಗಾಡಿ ಓಡಿಸಿಕೊಂಡು ಬಂದವರನ್ನು ಕ್ಯಾಬ್ ಮಾಡಿ ಕಳಿಸಿ.

ಮಿಕ್ಕರೆ

ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ಇಳಿಬಿಟ್ಟರೆ ಗುಳ್ಳೆ ಉಳಿಯುತ್ತದೆ ಅನ್ನುವ ಮಾತು ಎಲ್ಲ ಕಡೆ ಇದೆ. ಅದು ಕೆಲಸ ಮಾಡುವುದಿಲ್ಲ. ಶಾಂಪೇನ್‌ಗೆಂದೇ ಮಾಡಿದ, ಎರಡು ಕಡೆ ಕೊಕ್ಕೆ ಇರುವ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿ ಫ್ರಿಜ್ಜಿನಲ್ಲಿ ನಿಲ್ಲಿಸಿ. ಮರುದಿನ ಖಂಡಿತ ಕುಡಿಯಬಹುದು. ನಾವು ಒಂದು ಗ್ಲಾಸಿನಷ್ಟು ಉಳಿಸಿದ್ದೆವು. ಮಾರನೆ ದಿನ ಮಧ್ಯಾಹ್ನ ಅಮ್ಮನಿಗೆ ಒಂದು ಗುಟುಕು ಕೊಟ್ಟೆ. ಅವರು ಮೂಸಿ ನೋಡಿ, ಬೇಕರಿ ವಾಸನೆ ಬರುತ್ತಿದೆಯಲ್ಲೋ ಅಂದರು. ನಾನು ಅವರಿಗೆ ಹಿಂದಿನ ರಾತ್ರಿಯದು ಏನೂ ಹೇಳಿರಲಿಲ್ಲ.